ಪರಿಚಯದ ಹುಲಿಗಳು

ಪಡುಬಿದ್ರಿ ಪೇಟೆಯಲ್ಲಿ ಉಡುಪಿ ಕಡೆಯ ಬಸ್ಸಿಗೆ ಕಾಯುತ್ತಿದ್ದಾಗ ಮೊದಲು ಬಂದದ್ದು ತಾಸೆ ವಾದ್ಯದ ಸದ್ದು, ಆಮೇಲೆ ಹುಲಿಗಳು. ಕಾರ್ಕಳ ರಸ್ತೆ ಹೆದ್ದಾರಿಯನ್ನು ಸೇರುವಲ್ಲಿ ಟೆಂಪೊ ಒಂದು ನಿಂತಿತು. ಹಿಂಬದಿಯಿಂದ ನಾಲ್ಕೈದು ಪಟ್ಟೆ ಹುಲಿಗಳೂ ಒಂದು ಕರಿ ಹುಲಿಯೂ ಧುಮುಕಿದವು. ಅಂಗಡಿ ಮುಂದೆ ಕುಣಿತ ಶುರುವಾಯಿತು. ನನ್ನ ಪಕ್ಕದಲ್ಲಿದ್ದ ತಾಯಿಯೊಬ್ಬರು ಸೊಂಟದ ಮೇಲಿದ್ದ ಮಗುವಿಗೆ "ಪಿಲಿ ಬತ್ತ್ಂಡ್, ತೂಲ" (ಹುಲಿ ಬಂತು, ನೋಡು) ಎಂದು ತೋರಿಸಿದ್ದೇ ತಡ, ಮಗು ಕಿಟಾರನೆ ಕಿರುಚಿ ಅಮ್ಮನ ಸೆರಗಿನಲ್ಲಿ ಮುಖ ಹುದುಗಿಸಿತು. ಕುಣಿತ ಮುಗಿಸಿದ ಹುಲಿ ಅಂಗಡಿಯವರ ಬಳಿ ಹೋಗಿ "ಅಣ್ಣೇ, ನೀರ್ ಉಂಡಾ?" ಎಂದು ಕೇಳಿತು. ದನಿ ಕೇಳಿದ ಮಗು ತಲೆಯೆತ್ತಿ ನಕ್ಕಿತು. ಮನೆ ಹತ್ತಿರದ ಹುಡುಗನೇ ಅವನು. ಆದರೆ ಮತ್ತೆ ತಾಸೆ ಬಡಿದದ್ದೇ, ಅದೇ ಹುಡುಗ ಅದೇ ಬೀದಿಯಲ್ಲಿ ಮತ್ತೆ ಹುಲಿಯಾದ. ಮಗು ಮತ್ತೆ ಕಿರುಚಿತು.

ಅದು ವಿಟ್ಲಪಿಂಡಿಯ ದಿನ, ಕೃಷ್ಣ ಹುಟ್ಟಿದ ಮರುದಿನ. ಉಡುಪಿ ಸೀಮೆಯಲ್ಲಿ ಈ ಹುಟ್ಟುಹಬ್ಬ ಸೌರಮಾನದ ಲೆಕ್ಕದಲ್ಲಿ, ಸಿಂಹ ಮಾಸದಲ್ಲಿ ನಡೆಯುತ್ತದೆ. 2025ರಲ್ಲಿ ದೇಶದ ಬಹುಭಾಗ ಆಗಸ್ಟ್ 16ಕ್ಕೇ ಅಷ್ಟಮಿ ಮುಗಿಸಿತ್ತು. ಉಡುಪಿಯ ರಥಬೀದಿಯಲ್ಲಿ ಮೊಸರು ಕುಡಿಕೆ ಒಡೆದದ್ದು ಸೆಪ್ಟೆಂಬರ್ 15ರಂದು. ಇಲ್ಲಿಯವರಿಗೆ ಅದರಲ್ಲಿ ಗೊಂದಲವೇನೂ ಇಲ್ಲ. ತಾಸೆ ಕೇಳಿಸಿದರೆ ಅಷ್ಟಮಿ ಬಂತು, ಅಷ್ಟೇ.

ಬಸ್ಸು ಎರ್ಮಾಳು, ಉಚ್ಚಿಲ, ಮೂಳೂರು ದಾಟುತ್ತಾ ಸಾಗಿದಂತೆ ಮೆರವಣಿಗೆ ಅಲ್ಲಲ್ಲಿ ತುಂಡುತುಂಡಾಗಿ ಕಾಣತೊಡಗಿತು. ಒಂದು ನಿಲ್ದಾಣದಲ್ಲಿ ಯಕ್ಷಗಾನದ ಕಿರೀಟ ತೊಟ್ಟ ರಾಕ್ಷಸ ಹತ್ತಿ ಕಂಬಿ ಹಿಡಿದು ನಿಂತ. ಕಿರೀಟ ಚಾವಣಿಗೆ ತಾಗದಂತೆ ಕತ್ತು ಬಗ್ಗಿಸಿಕೊಂಡೇ ಟಿಕೆಟ್ ಪಡೆದ. ಕಾಪುವಿನಲ್ಲಿ ತೊಡೆಯ ಮೇಲೆ ಮುದ್ದುಕೃಷ್ಣನನ್ನು ಕೂರಿಸಿಕೊಂಡ ಅಜ್ಜಿ ಸೀಟು ಹಿಡಿದರು. ಕೃಷ್ಣನಿಗೆ ನಿದ್ದೆ, ನವಿಲುಗರಿ ಅಜ್ಜಿಯ ಕೈಯಲ್ಲಿ. ಅವರ ಚೀಲದಿಂದ ಬೆಂದ ಕೇದಗೆ ಎಲೆಯ ಪರಿಮಳ ಬರುತ್ತಿತ್ತು. ಅಷ್ಟಮಿಗೆ ಆ ಎಲೆಯಲ್ಲಿ ಮೂಡೆ ಕಡುಬು ಬೇಯದ ಮನೆ ಈ ಕರಾವಳಿಯಲ್ಲಿ ಅಪರೂಪ.

ಕಟಪಾಡಿ ಬಂದರೆ ಎರಡು ಸಂಗತಿ ನೆನಪಾಗಲೇಬೇಕು. ಒಂದು, ಪಕ್ಕದ ಶಂಕರಪುರದ ಮಲ್ಲಿಗೆ. ಹಬ್ಬದ ದಿನಗಳಲ್ಲಿ ಅದರ ಅಟ್ಟೆಯ ಬೆಲೆ ಗಗನಕ್ಕೇರುತ್ತದೆ. ಇನ್ನೊಂದು, ರವಿ ಕಟಪಾಡಿ. ದಿನಗೂಲಿ ಕೆಲಸ ಮಾಡುವ ಈ ಮನುಷ್ಯ ಅಷ್ಟಮಿಗೆ ಹಾಲಿವುಡ್ ಸಿನಿಮಾಗಳಿಂದ ಎದ್ದುಬಂದಂತಹ ವಿಕಾರ ಜೀವಿಗಳ ವೇಷ ಹಾಕಿ ಬೀದಿಗಿಳಿದರು. ಮುಖಕ್ಕೆ ಅಂಟಿಸಿದ ಬಣ್ಣದ ಪದರಗಳ ಹಿಂದೆ ಊಟ, ನಿದ್ದೆ ಬಿಟ್ಟು ತಿರುಗಿದರು. ಹೀಗೆ ಜನ ಕೊಟ್ಟ ಲಕ್ಷಗಟ್ಟಲೆ ಹಣವನ್ನು ಕಾಯಿಲೆ ಬಿದ್ದ ಬಡ ಮಕ್ಕಳ ಚಿಕಿತ್ಸೆಗೆ ಮುಟ್ಟಿಸಿದರು. ಅವರನ್ನು ಕಂಡು ಹೆದರಿ ಓಡಿದ ಮಕ್ಕಳೆಷ್ಟೋ, ಅವರಿಂದ ಆಸ್ಪತ್ರೆಯ ಖರ್ಚು ನಿಭಾಯಿಸಿದ ಮಕ್ಕಳೆಷ್ಟೋ.

ಕಿನ್ನಿಮುಲ್ಕಿಯ ಸ್ವಾಗತ ಗೋಪುರ ದಾಟಿದ ಮೇಲೆ ಬಸ್ಸಿಗಿಂತ ನಡಿಗೆಯೇ ವೇಗ. ರಥಬೀದಿ ತಲುಪಿದಾಗ ಕಣ್ಣಿಗೆ ಎಲ್ಲಿ ನೋಡಲಿ ಎಂಬ ಗಡಿಬಿಡಿ. ಅಷ್ಟಮಠಗಳು ಸುತ್ತುವರಿದ ಆ ಬೀದಿಯ ಉದ್ದಕ್ಕೂ ಮರದ ಗುರ್ಜಿಗಳು; ಅವುಗಳಿಂದ ಇಳಿಬಿದ್ದ ಬಣ್ಣದ ಮಡಕೆಗಳು. ಉಪ್ಪರಿಗೆ, ಜಗಲಿ, ಕಿಟಕಿ, ಮೆಟ್ಟಿಲು, ಎಲ್ಲೆಲ್ಲೂ ತಲೆಗಳು. ಮಧ್ಯೆ ತಾಸೆಯ ಪೆಟ್ಟು ಎದೆಗೂಡಿನೊಳಗೇ ಬೀಳುತ್ತಿತ್ತು.

ಹುಲಿಗಳ ತಂಡ ಒಂದರ ಹಿಂದೆ ಒಂದು. ಹಿಂದಿನ ದಿನವೇ ಊದು ಪೂಜೆ ಮುಗಿಸಿ, ರಾತ್ರಿಯಿಡೀ ನಿಂತು ಬಣ್ಣ ಬಳಿಸಿಕೊಂಡ ಮೈಗಳಿವು. ಮೊದಲು ಬಿಳಿ, ಅದರ ಮೇಲೆ ಹಳದಿ, ಒಣಗಿದ ಮೇಲೆ ಕರಿ ಪಟ್ಟೆ. ಒಣಗುವ ತನಕ ಕೂರುವಂತಿಲ್ಲ, ಒರಗುವಂತಿಲ್ಲ. ಬಣ್ಣ ಚರ್ಮವನ್ನು ಉರಿಸಿದರೂ ಕೆರೆಯುವಂತಿಲ್ಲ. ಹಬ್ಬ ಮುಗಿದ ಮೇಲೆ ಸೀಮೆಎಣ್ಣೆ, ತೆಂಗಿನೆಣ್ಣೆ ಹಚ್ಚಿ ತಿಕ್ಕಿದರೂ ಕಿವಿಯ ಹಿಂದೆ ಹುಲಿ ಉಳಿದೇ ಇರುತ್ತದೆ. ಇಷ್ಟೆಲ್ಲ ಕೆಲವರಿಗೆ ಹರಕೆ, ಕೆಲವರಿಗೆ ಹುಚ್ಚು, ಬಹಳ ಮಂದಿಗೆ ಎರಡೂ. ಈಗ ಹೆಣ್ಣುಮಕ್ಕಳೂ ಹುಲಿಯಾಗಿ ಕುಣಿಯುತ್ತಾರೆ. ನನ್ನ ಮುಂದೆಯೇ ಒಬ್ಬ ನೆಲಕ್ಕೆ ಬಾಗಿ, ಬೈಹುಲ್ಲು ಸುತ್ತಿದ ಅಕ್ಕಿಮುಡಿಯನ್ನು ಹಲ್ಲಿನಲ್ಲಿ ಕಚ್ಚಿ ಎತ್ತಿ, ಒಂದೇ ಬೀಸಿಗೆ ಬೆನ್ನಹಿಂದಕ್ಕೆ ಎಸೆದ. ಬೀದಿಗೆ ಬೀದಿಯೇ ಕೂಗಿತು. ಶೀರೂರು ಮಠದ ಲಕ್ಷ್ಮೀವರತೀರ್ಥ ಸ್ವಾಮೀಜಿಯವರು ಇಂಥ ವೇಷಗಳಿಗೆ ನೋಟಿನ ಮಾಲೆ ಹಾಕಿ ಬೆನ್ನು ತಟ್ಟುತ್ತಿದ್ದುದನ್ನು ಪಕ್ಕದಲ್ಲಿದ್ದ ಹಿರಿಯರೊಬ್ಬರು ನೆನಪಿಸಿಕೊಂಡರು. ಸ್ವಾಮೀಜಿ 2018ರಲ್ಲಿ ವೃಂದಾವನಸ್ಥರಾದರು; ಅಷ್ಟಮಿ ಬಂದಾಗಲೆಲ್ಲ ವೇಷದವರ ಬಾಯಲ್ಲಿ ಅವರ ಹೆಸರು ಬರುತ್ತದೆ.

ಅಷ್ಟರಲ್ಲಿ ರಥಗಳು ಹೊರಟವು. ಒಂದರಲ್ಲಿ ಅನಂತೇಶ್ವರ, ಚಂದ್ರಮೌಳೀಶ್ವರರು. ಚಿನ್ನದ ರಥದಲ್ಲಿ ಹುಟ್ಟುಹಬ್ಬದ ಬಾಲಕ. ಮಧ್ವಾಚಾರ್ಯರು ಹದಿಮೂರನೆಯ ಶತಮಾನದಲ್ಲಿ ಪ್ರತಿಷ್ಠೆ ಮಾಡಿದ ಮೂಲಮೂರ್ತಿ ಗರ್ಭಗುಡಿ ಬಿಟ್ಟು ಬರುವುದಿಲ್ಲ. ಆದ್ದರಿಂದ ಬೀದಿ ಸುತ್ತಲೆಂದೇ ಮಣ್ಣಿನ ಕೃಷ್ಣನನ್ನು ಮಾಡುತ್ತಾರೆ. ರಥದ ಮುಂದೆ ಗೊಲ್ಲ ವೇಷದವರು ಕೋಲು ಬೀಸಿ ಒಂದೊಂದೇ ಮಡಕೆ ಒಡೆಯುತ್ತಾ ಸಾಗಿದರು. ಮೊಸರು, ಓಕುಳಿ ನೀರು ತಲೆಯ ಮೇಲೆ ಸುರಿದರೂ ಯಾರೂ ಹಿಂದೆ ಸರಿಯಲಿಲ್ಲ. ಉಂಡೆ, ಚಕ್ಕುಲಿ ಕೈಯಿಂದ ಕೈಗೆ ಹರಿದವು.

ಜಗತ್ತಿನಲ್ಲಿ ಹುಟ್ಟುಹಬ್ಬದ ಮೆರವಣಿಗೆಗಳಿಗೆ ಕೊರತೆಯಿಲ್ಲ. 1955ರ ಜುಲೈ 17ರಂದು ಅಮೆರಿಕದ ಅನಾಹೈಮ್‌ನಲ್ಲಿ ತೆರೆದ ಡಿಸ್ನಿಲ್ಯಾಂಡ್, 2025ರಲ್ಲಿ ಎಪ್ಪತ್ತು ತುಂಬಿದಾಗ 'ಪೇಂಟ್ ದ ನೈಟ್' ಎಂಬ ದೀಪಗಳ ಮೆರವಣಿಗೆಯನ್ನು ಮತ್ತೆ ಹೊರಡಿಸಿತು. ಅಲ್ಲಿನ ಕುಶಲತೆ ಸಣ್ಣದಲ್ಲ. ಆದರೆ ಅಲ್ಲಿ ಮಿಕ್ಕಿಯ ತಲೆಯೊಳಗೆ ಇರುವವರು ಯಾರೆಂದು ಮಕ್ಕಳಿಗೆ ತಿಳಿಯಕೂಡದು. ತಿಳಿದರೆ ಮಾಯೆ ಒಡೆಯಿತೆಂದು ಲೆಕ್ಕ. ನಮ್ಮ ಬೀದಿಯಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತು. ಹುಲಿ ಮಂಡೆ ಕಳಚಿ ಗೂಡಂಗಡಿಯಲ್ಲಿ ಸೋಡಾ ಕುಡಿಯುತ್ತದೆ, ರಾಕ್ಷಸ ಫೋನಿನಲ್ಲಿ ಹೆಂಡತಿಗೆ "ತಡ ಆಗ್ತದೆ" ಎನ್ನುತ್ತಾನೆ. ದೇವರು ಮಣ್ಣಿನವನು, ಸಂಜೆಯೊಳಗೆ ಮಧ್ವ ಸರೋವರದಲ್ಲಿ ಕರಗುವವನು ಎಂಬುದೂ ಗುಟ್ಟಲ್ಲ. ಎಲ್ಲ ಗೊತ್ತಿದ್ದೂ ತಾಸೆ ಬಡಿದರೆ ಮೈ ಜುಮ್ಮೆನ್ನುತ್ತದೆ, ರಥ ಬಂದರೆ ಕೈ ತಾನಾಗಿ ಮುಗಿಯುತ್ತದೆ. ಮುಚ್ಚಿಟ್ಟು ಹುಟ್ಟಿಸುವ ಬೆರಗಿಗಿಂತ ಇದು ಗಟ್ಟಿ. ಇದಕ್ಕೆ ಒಡೆದುಹೋಗುವ ಭಯವೇ ಇಲ್ಲ.

ಹೋಗುವ ಮನಸ್ಸಿದ್ದರೆ, ಗೋಡೆಯ ಕ್ಯಾಲೆಂಡರ್ ನಂಬಬೇಡಿ. ಉಡುಪಿಯ ಪಂಚಾಂಗ ನೋಡಿಯೇ ಹೊರಡಿ. ಬಿಳಿ ಅಂಗಿ ಬೇಡ. ರಥ ಹೊರಡುವುದು ಮಧ್ಯಾಹ್ನದ ಮೇಲೆ. ಬೆಳಿಗ್ಗೆಯೇ ಪಡುಬಿದ್ರಿಯಂಥ ಊರಿನಲ್ಲಿ ಒಂದೆರಡು ತಂಡ ನೋಡಿಕೊಂಡರೆ ಹುಲಿ ಎಲ್ಲಿಂದ ಹೊರಡುತ್ತದೆಂದು ತಿಳಿಯುತ್ತದೆ. ಮುಖ್ಯವಾಗಿ, ಜೇಬಿನಲ್ಲಿ ಹತ್ತು ಇಪ್ಪತ್ತರ ನೋಟುಗಳಿರಲಿ. ಈ ಮೆರವಣಿಗೆಗೆ ಟಿಕೆಟ್ ಇಲ್ಲ, ಆದರೆ ಹುಲಿ ನಿಮ್ಮೆದುರು ಬಂದು ಕುಣಿದು ಕೈಚಾಚುತ್ತದೆ. ಆಗ ಕೊಡಿ. ಕೊಟ್ಟ ಮೇಲೆ ನೀವು ಬರೀ ನೋಡುಗರಲ್ಲ, ಆ ಹುಲಿಗೂ ಪರಿಚಯದವರು.