ಕುಡಿಯೋಕೆ ಒಂದು ಲೋಟ ನೀರು

ಕನ್ನಡದಲ್ಲಿ ನಿಜವಾಗಿ ಹೆದರಿಸುವ ಸಿನಿಮಾ ಯಾವುದು ಎಂದು ಯಾರಾದರೂ ಕೇಳಿದರೆ ನಾನು ದೆವ್ವದ ಚಿತ್ರಗಳ ಕಡೆ ಹೋಗುವುದೇ ಇಲ್ಲ. ‘ದಂಡುಪಾಳ್ಯ’ ಎನ್ನುತ್ತೇನೆ. ಶ್ರೀನಿವಾಸರಾಜು ನಿರ್ದೇಶನದ ಈ ಚಿತ್ರ ಬಂದದ್ದು 2012ರಲ್ಲಿ. ಅದರಲ್ಲಿ ಮನೆಗೆ ನುಗ್ಗುವವರು ಕಿಟಕಿಯ ಸರಳು ಬಗ್ಗಿಸುವುದಿಲ್ಲ, ಹೆಂಚು ತೆಗೆಯುವುದಿಲ್ಲ. ಹಗಲು ಹೊತ್ತಿನಲ್ಲೇ ಹೆಂಗಸೊಬ್ಬಳು ಬಾಗಿಲು ತಟ್ಟಿ ಕುಡಿಯಲು ನೀರು ಕೇಳುತ್ತಾಳೆ. ಮನೆಯಾಕೆ ತರಲೆಂದು ಒಳಗೆ ತಿರುಗುತ್ತಾಳೆ. ನನಗೆ ಇಡೀ ಚಿತ್ರದಲ್ಲಿ ಮೈ ನಡುಗಿಸಿದ್ದು ಆ ತಿರುಗುವಿಕೆ. ಮಾಗಡಿ ರಸ್ತೆಯ ಟಾಕೀಸಿನಲ್ಲಿ ನಾನು ನೋಡಿದಾಗ ಹಿಂದಿನ ಸಾಲಿನ ಅಜ್ಜಿಯೊಬ್ಬರು ‘ಬಾಗ್ಲು ತೆಗೀಬೇಡ ಕಣಮ್ಮಾ’ ಎಂದು ಜೋರಾಗಿಯೇ ಅಂದರು. ಯಾರೂ ನಗಲಿಲ್ಲ.

ನಗದಿರುವುದಕ್ಕೆ ಕಾರಣವಿತ್ತು. ಚಿತ್ರಕ್ಕೆ ಆಧಾರವಾದ, ಹೊಸಕೋಟೆ ಕಡೆಯ ದಂಡುಪಾಳ್ಯದ ಹೆಸರು ಹೊತ್ತ ಕೊಲೆಗಡುಕ ಗ್ಯಾಂಗಿನ ಸುದ್ದಿ ತೊಂಬತ್ತರ ದಶಕದ ಕೊನೆಯಲ್ಲಿ ಬೆಂಗಳೂರನ್ನು ಕಾಡಿದಾಗ ನಮ್ಮ ಪಶ್ಚಿಮದ ಬಡಾವಣೆಗಳು ಹೇಗಿದ್ದವು ಎಂದು ನೆನಪು ಮಾಡಿಕೊಳ್ಳಿ. ರಾಜಾಜಿನಗರದ ಹಳೆಯ ಬ್ಲಾಕುಗಳಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳಿದ್ದವು, ಕೂಗಿದರೆ ನಾಲ್ಕು ಜನ ಓಡಿ ಬರುತ್ತಿದ್ದರು. ನಾಗರಬಾವಿ, ಕೆಂಗೇರಿ ಉಪನಗರದ ಕಡೆ ಹಾಗಿರಲಿಲ್ಲ. ಒಂದು ಮನೆ, ಆಮೇಲೆ ಪಾರ್ಥೇನಿಯಂ ಬೆಳೆದ ಮೂರು ಖಾಲಿ ಸೈಟು, ಆಮೇಲೆ ಅರ್ಧ ಕಟ್ಟಿ ನಿಲ್ಲಿಸಿದ ಇನ್ನೊಂದು ಮನೆ. ಗಂಡಸರು ಶಿಫ್ಟಿಗೆ, ಮಕ್ಕಳು ಸ್ಕೂಲಿಗೆ ಹೋದ ಮೇಲೆ ಮನೆಯಲ್ಲಿ ಹೆಂಗಸು ಒಬ್ಬಳೇ. ಗ್ಯಾಂಗು ಹುಡುಕುತ್ತಿದ್ದದ್ದು ಇಂಥ ಒಂಟಿ ಮನೆಗಳನ್ನೇ. ಬಾಗಿಲಿಗೆ ಸರಪಳಿ, ವರಾಂಡಕ್ಕೆ ಗ್ರಿಲ್ಲು, ಮರದ ಬಾಗಿಲಲ್ಲಿ ಪುಟ್ಟ ಗಾಜಿನ ತೂತು, ಇವೆಲ್ಲ ಆ ಕಾಲದಲ್ಲಿ ಒಂದೊಂದಾಗಿ ನಮ್ಮ ಕಡೆಯ ಮನೆಗಳಿಗೆ ಸೇರಿಕೊಂಡದ್ದನ್ನು ನಾನು ಕಂಡಿದ್ದೇನೆ. ಅಮ್ಮ ನೀರು ಕೇಳಿದವರಿಗೆ ಇಲ್ಲ ಎನ್ನಲಾರದೆ, ಗ್ರಿಲ್ಲಿನ ಸಂದಿಯಿಂದಲೇ ಚೊಂಬು ಚಾಚುತ್ತಿದ್ದರು. ಹಾಗೆ ಕೊಡುವಾಗ ಅವರ ಮುಖದಲ್ಲಿ ಇರುತ್ತಿದ್ದ ಸಂಕೋಚವನ್ನು ಯಾವ ನಿರ್ದೇಶಕರೂ ಇನ್ನೂ ತೆರೆಗೆ ತಂದಿಲ್ಲ.

ಅದೇ ದಶಕದಲ್ಲಿ ನಮ್ಮ ಓಣಿಗಳ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂಬ ಬರಹವೂ ಇತ್ತು. ರಾತ್ರಿ ಬಂದು ಹತ್ತಿರದವರ ದನಿಯಲ್ಲೇ ಹೆಸರು ಹಿಡಿದು ಕರೆಯುವ ದೆವ್ವ, ಓಗೊಟ್ಟು ಬಾಗಿಲು ತೆರೆದವರನ್ನು ಬಿಡುವುದಿಲ್ಲ ಎಂಬ ನಂಬಿಕೆ ಅದು. 2018ರ ಹಿಂದಿ ಚಿತ್ರ ‘ಸ್ತ್ರೀ’ ಈ ಕತೆಯನ್ನೇ ಎತ್ತಿಕೊಂಡು ಚಂದೇರಿಗೆ ಸಾಗಿಸಿತು. ಆದರೆ ಆ ದೆವ್ವಕ್ಕೆ ಒಂದು ಮರ್ಯಾದೆ ಇತ್ತು. ಬರೆದದ್ದನ್ನು ಓದಿ, ಒಪ್ಪಿ, ಹೊರಟುಹೋಗುತ್ತಿತ್ತು. ಹಗಲಿನಲ್ಲಿ ನೀರು ಕೇಳಿ ಬಂದವರಿಗೆ ಏನು ಬರೆದಿಡುವುದು?

‘ದಂಡುಪಾಳ್ಯ’ ಚಿತ್ರದ ಗುಣಗಳನ್ನು ಮೊದಲು ಹೇಳಿಬಿಡುತ್ತೇನೆ. ‘ಮುಂಗಾರು ಮಳೆ’ಯ ನಂದಿನಿಯಾಗಿ ಮನೆಮಾತಾಗಿದ್ದ ಪೂಜಾ ಗಾಂಧಿ ಇಲ್ಲಿ ಗ್ಯಾಂಗಿನ ಲಕ್ಷ್ಮಿಯಾಗಿ ಬಂದಾಗ, ಪರಿಚಿತ ಮುಖವೊಂದು ಬಾಗಿಲಲ್ಲಿ ನಿಂತು ಮೋಸ ಮಾಡಿದಂತೆ ನನಗೆ ಎದೆ ಝಲ್ಲೆಂದಿತು. ಆ ಆಯ್ಕೆ ಬಹಳ ಜಾಣತನದ್ದು. ಮಕರಂದ್ ದೇಶಪಾಂಡೆ ಕಣ್ಣಲ್ಲೇ ಹೆದರಿಸುತ್ತಾರೆ. ಇನ್‌ಸ್ಪೆಕ್ಟರ್ ಚಲಪತಿಯಾಗಿ ಪಿ. ರವಿಶಂಕರ್ ಅವರ ಗಡಸು ದನಿ ಚಿತ್ರವನ್ನು ಕೊನೆಯವರೆಗೂ ಎಳೆದೊಯ್ಯುತ್ತದೆ.

ಆದರೂ ನನ್ನ ತಕರಾರು ದೊಡ್ಡದು. ಕೊಂದವರ ಹೆಸರು, ಊರು, ಜಗಳ, ಸಂಬಂಧ ಎಲ್ಲವನ್ನೂ ಚಿತ್ರ ನಮಗೆ ಹೇಳುತ್ತದೆ. ಸತ್ತವರು ಮಾತ್ರ ಬಾಗಿಲು ತೆರೆಯಲೆಂದೇ ಹುಟ್ಟಿದವರ ಹಾಗೆ ಬಂದು ಹೋಗುತ್ತಾರೆ. ಅವರ ಬದುಕಿಗೆ ಸಿಗದ ಸಮಯವನ್ನು ಕತ್ತಿಗೂ ರಕ್ತಕ್ಕೂ ಧಾರಾಳವಾಗಿ ಕೊಡಲಾಗಿದೆ. ಮೈಕಲ್ ಹಾನೆಕೆಯ ‘ಫನ್ನಿ ಗೇಮ್ಸ್’ (1997) ನೆನಪಾಗುತ್ತದೆ. ಅಲ್ಲೂ ಸಾಧಾರಣ ಬೇಡಿಕೆಯಿಂದಲೇ ಶುರು: ಕೆರೆ ದಂಡೆಯ ಮನೆಗೆ ಸಭ್ಯನಂತೆ ಕಾಣುವ ಹುಡುಗನೊಬ್ಬ ಮೊಟ್ಟೆ ಕೇಳಿಕೊಂಡು ಬರುತ್ತಾನೆ. ಆದರೆ ಆ ಮನೆಯ ಮಗನ ಕೊಲೆಯಾಗುವಾಗ ಕ್ಯಾಮೆರಾ ಅಡುಗೆಮನೆಯಲ್ಲಿ, ತಿಂಡಿ ಮಾಡಿಕೊಳ್ಳುತ್ತಿರುವ ಇನ್ನೊಬ್ಬ ಕೊಲೆಗಾರನ ಬಳಿ ನಿಂತಿರುತ್ತದೆ. ನಮಗೆ ಸದ್ದು ಮಾತ್ರ ಕೇಳುತ್ತದೆ. ಕೊಲೆ ಕಾಣಿಸದೆಯೇ ಅದು ವಾರಗಟ್ಟಲೆ ನಿದ್ದೆ ಕೆಡಿಸುತ್ತದೆ.

ಇನ್ನೊಂದು ನೋವೂ ಇದೆ. ಕೆಲವರ ಕೃತ್ಯಕ್ಕೆ ಒಂದು ಊರಿನ ಹೆಸರೇ ಪೋಸ್ಟರ್ ಏರಿತು. ಆ ಊರಿನಿಂದ ಬಂದು ನಗರದಲ್ಲಿ ಬಾಡಿಗೆ ಮನೆ ಕೇಳುವ ಯುವಕನ ಪಾಡೇನು ಎಂದು ನಾನು ಯೋಚಿಸುತ್ತಲೇ ಇರುತ್ತೇನೆ. 2017ರಲ್ಲಿ ಬಂದ ಚಿತ್ರದ ಎರಡನೇ ಭಾಗದಲ್ಲಿ ಶ್ರುತಿ ಹರಿಹರನ್ ಪತ್ರಕರ್ತೆಯಾಗಿ ಬಂದು, ಪೊಲೀಸರು ಹೇಳಿದ ಕತೆಯನ್ನೇ ಪ್ರಶ್ನಿಸುತ್ತಾರೆ. ಚಿತ್ರವಾಗಿ ಅದು ಮೊದಲನೆಯದರಷ್ಟು ಬಿಗಿಯಾಗಿಲ್ಲ, ಆದರೆ ಆ ಪ್ರಶ್ನೆ ಕೇಳಿದ್ದಕ್ಕೆ ನನಗೆ ಗೌರವವಿದೆ.

ಹೊಸಿಲಿನ ಭಯವನ್ನು ನಮ್ಮವರಲ್ಲಿ ಚೆನ್ನಾಗಿ ಹಿಡಿದವರು ದಯಾಳ್ ಪದ್ಮನಾಭನ್. ಮೋಹನ ಹಬ್ಬು ಅವರ ನಾಟಕವನ್ನು ಆಧರಿಸಿದ ‘ಆ ಕರಾಳ ರಾತ್ರಿ’ಯಲ್ಲಿ (2018) ಬಡ ಮನೆಯೊಂದಕ್ಕೆ ಅಪರಿಚಿತನೊಬ್ಬ ರಾತ್ರಿ ತಂಗಲು ಬರುತ್ತಾನೆ. ಹೆದರಬೇಕಾದವನು ಅವನೇ. ಒಂದೇ ಮನೆ, ಒಂದೇ ರಾತ್ರಿ, ಬೆರಳೆಣಿಕೆಯ ಜನ. ಆ ಮನೆಯವರ ಆಸೆ, ಹಸಿವು, ಮುನಿಸುಗಳ ಪರಿಚಯ ನಮಗೆ ಮೊದಲೇ ಆಗಿರುತ್ತದೆ. ಹಾಗಾಗಿಯೇ ಅವರ ಪ್ರತಿಯೊಂದು ಹೆಜ್ಜೆಗೂ ಎದೆ ಹೊಡೆದುಕೊಳ್ಳುತ್ತದೆ.

ಆ ಶಿಸ್ತನ್ನು ಯಾರಾದರೂ ನೀರು ಕೇಳುವ ಕತೆಗೆ ತರಬೇಕು. ಬಸವೇಶ್ವರನಗರದ ಮೂವತ್ತು ನಲವತ್ತರ ಸೈಟಿನ ಮನೆಯೊಂದು ಸಾಕು. ಕುಕ್ಕರಿನ ಮೂರನೇ ಸೀಟಿಗೆ ಕಾಯುತ್ತಿರುವ, ಸಂಪಿಗೆ ಕಾವೇರಿ ನೀರು ಬಂತೇ ಎಂದು ಇಣುಕಿ ನೋಡುವ, ಚೀಟಿ ಹಣ ಕಟ್ಟಬೇಕಾದ ದಿನ ಎಣಿಸುವ ಹೆಂಗಸೊಬ್ಬಳ ಜೊತೆ ನಮ್ಮನ್ನು ಒಂದು ಗಂಟೆ ಕೂರಿಸಿ. ಗ್ರಿಲ್ಲಿನ ಆಚೆ ಯಾರೋ ‘ಅಕ್ಕಾ’ ಎಂದು ಕರೆಯುವ ಹೊತ್ತಿಗೆ ಅವಳ ಹೆಸರು ನಮಗೆ ಗೊತ್ತಿರಬೇಕು. ಅವಳ ಮಕ್ಕಳು ಸ್ಕೂಲಿನಿಂದ ಎಷ್ಟು ಗಂಟೆಗೆ ಬರುತ್ತಾರೆ ಎಂಬುದೂ.