ರಿಲೀವರ್

2001ರ ಫೆಬ್ರವರಿ 28ರಂದು ಕೆಜಿಎಫ್‌ನ ಗಣಿಗಳು ಮುಚ್ಚಿದಾಗ ನಾನು ಏಳನೇ ಕ್ಲಾಸು. 3 ಕಿಲೋಮೀಟರಿಗೂ ಹೆಚ್ಚು ಆಳದ ಚಾಂಪಿಯನ್ ರೀಫ್ಸ್ ಗಣಿಯಲ್ಲಿ ದುಡಿದ ಅಪ್ಪ, ಆಮೇಲೆ ಮನೆ ಮೆಟ್ಟಿಲ ಮೇಲೆ ಕೂತು ಸಯನೈಡ್ ದಿಬ್ಬ ನೋಡುತ್ತಿದ್ದರು. ಲೈನಿನ ಅಪ್ಪಂದಿರೆಲ್ಲ ಹಾಗೇ ಕೂತಿದ್ದರು.

2003ರ ವಿಶ್ವಕಪ್ ಬಂತು. ಪಕ್ಕದ ಮನೆಯಲ್ಲಿ ಕೇಬಲ್ ಇತ್ತು. ಸೆಟ್ ಮ್ಯಾಕ್ಸ್‌ನಲ್ಲಿ ಪಂದ್ಯದ ಹಿಂದೆ ಮುಂದೆಲ್ಲ ‘ಎಕ್ಸ್‌ಟ್ರಾ ಇನ್ನಿಂಗ್ಸ್’. ಮಂದಿರಾ ಬೇಡಿಯ ಜೊತೆ ಚಾರು ಶರ್ಮಾ. ನಾವು ಹುಡುಗರು ಸಚಿನ್‌ಗಾಗಿ ಕಾದರೆ, ಅಪ್ಪ ಚಾರು ಶರ್ಮಾಗಾಗಿ ಕಾಯುತ್ತಿದ್ದರು. ‘ಆಟ ಇಲ್ದೇ ಇರೋ ಟೈಮನ್ನ ಹೆಂಗೆ ಓಡಿಸ್ತಾನೆ ನೋಡು’ ಅನ್ನುತ್ತಿದ್ದರು. ಜೊಹಾನ್ಸ್‌ಬರ್ಗ್‌ನ ಫೈನಲ್‌ನಲ್ಲಿ ನಾವು 125 ರನ್ನಿನಿಂದ ಸೋತ ರಾತ್ರಿ, ‘ಅದೂ ಚಿನ್ನದ ಗಣಿ ಊರೇ’ ಎಂದಷ್ಟೇ ಹೇಳಿ ಎದ್ದು ಹೋದರು.

ಆ ವರ್ಷವೇ ಅಪ್ಪ ಬೆಂಗಳೂರಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಸೇರಿದರು, ರಿಲೀವರ್ ಆಗಿ. ತನ್ನದೆಂಬ ಗೇಟಿಲ್ಲ, ಯಾರು ಬರಲಿಲ್ಲವೋ ಅವರ ಗೇಟು. ಬೆಳಕು ಹರಿಯುವ ಮುಂಚೆ ಚಾಂಪಿಯನ್ ಸ್ಟೇಷನ್ನಿನಲ್ಲಿ ರೈಲು ಹತ್ತಿದರೆ, ಬಂಗಾರಪೇಟೆ ದಾಟಿ ಬೆಂಗಳೂರು. ವಾಪಸಾಗುವಾಗ ರಾತ್ರಿ. ಕಾಲೇಜಿನ ಫಾರ್ಮಿನಲ್ಲಿ ತಂದೆಯ ಉದ್ಯೋಗ ಎಂಬಲ್ಲಿ ನಾನು ‘ಸೂಪರ್‌ವೈಸರ್’ ಎಂದು ಬರೆದೆ.

ಚಾರು ಶರ್ಮಾ 2008ರಲ್ಲಿ ಆರ್‌ಸಿಬಿಯ ಸಿಇಒ ಆದರು. ತಂಡ ಸೋಲುತ್ತಾ ಹೋಯಿತು. ಮೊದಲ ಸೀಸನ್ ಮುಗಿಯುವ ಮುಂಚೆಯೇ ಆ ಹುದ್ದೆ ಹೋಯಿತು. ಪೇಪರಿನಲ್ಲಿ ಓದಿ ಹೇಳಿದೆ. ಅಪ್ಪ ಊಟ ನಿಲ್ಲಿಸಿ, ‘ಮಾತು ಬರುತ್ತಲ್ಲ, ಬದುಕ್ತಾನೆ ಬಿಡು’ ಎಂದರು. ಬದುಕಿದರು. ಆನಂದ್ ಮಹೀಂದ್ರಾ ಜೊತೆ ಸೇರಿ ಅವರು ಕಟ್ಟಿದ ಪ್ರೊ ಕಬಡ್ಡಿ 2014ರಲ್ಲಿ ಶುರುವಾಯಿತು.

2022ರ ಫೆಬ್ರವರಿ 12, ಶನಿವಾರ. ಬೆಂಗಳೂರಿನ ಹೋಟೆಲಿನಲ್ಲಿ ಐಪಿಎಲ್ ಹರಾಜು. ಹಸರಂಗಾಗೆ ಕೂಗು ಏರುತ್ತಿದ್ದಾಗಲೇ ಹರಾಜು ನಡೆಸುತ್ತಿದ್ದ ಹ್ಯೂ ಎಡ್ಮೀಡ್ಸ್ ಕುಸಿದು ಬಿದ್ದರು. ಹರಾಜು ನಿಂತಿತು. ಸ್ವಲ್ಪ ಹೊತ್ತಿನಲ್ಲಿ ಆ ಜಾಗದಲ್ಲಿ ಬಂದು ನಿಂತವರು ಹತ್ತಿರದಲ್ಲೇ ಮನೆಯಿದ್ದ ಚಾರು ಶರ್ಮಾ. ತಯಾರಿಗೆ ಪುರುಸೊತ್ತಿರಲಿಲ್ಲ. ನಿಂತಲ್ಲಿಂದಲೇ ಎತ್ತಿಕೊಂಡರು. ಹಸರಂಗಾ 10.75 ಕೋಟಿಗೆ ಆರ್‌ಸಿಬಿಗೇ ಹೋದರು.

ಅಪ್ಪ ನನ್ನ ಭುಜ ತಟ್ಟಿದರು. ‘ರಿಲೀವರ್ ಬಂದ ನೋಡು!’

ಬೀದಿಗೆ ಕೇಳುವಷ್ಟು ಜೋರಾಗಿ ಅಂದರು. ಆ ಫಾರ್ಮಿನ ವಿಷಯ ನಾನು ಇವತ್ತಿಗೂ ಅವರಿಗೆ ಹೇಳಿಲ್ಲ.