ಸೊಂಟದ ಮಟ್ಟಕ್ಕೆ ಬಂದ ತೋಟ

ವಯಸ್ಸಾದ ಮೇಲೆ ಕೈತೋಟದ ಹುಚ್ಚು ಇಳಿಯುತ್ತದೆ ಎನ್ನುವವರಿಗೆ ಅದು ಹಿಡಿದೇ ಇರುವುದಿಲ್ಲ. ಇಳಿಯುವುದು ಮಂಡಿಯ ಬಲ ಮಾತ್ರ. ಕುಕ್ಕುರುಗಾಲಲ್ಲಿ ಕೂತು ಕಳೆ ಕೀಳುವುದು ನನಗಿನ್ನು ಆಗದು. ಹಾಗಾಗಿ ತೋಟವನ್ನೇ ಮೇಲಕ್ಕೆತ್ತಿದ್ದೇನೆ: ಇಟ್ಟಿಗೆ ಪೇರಿಸಿ, ಕಡಪಾ ಕಲ್ಲು ಹಾಸಿ, ಸೊಂಟದ ಮಟ್ಟದಲ್ಲಿ ಸಾಲಾಗಿ ಕುಂಡಗಳು. ಮಣ್ಣಿಗೆ ಧಾರಾಳವಾಗಿ ತೆಂಗಿನ ನಾರಿನ ಪುಡಿ, ಎರೆಗೊಬ್ಬರ. ಎತ್ತಲು ಹಗುರ, ತೇವವೂ ನಿಲ್ಲುತ್ತದೆ.

ಮಂಡಿಗೇನೋ ಉಪಾಯವಾಯಿತು, ಪಂಚಾಂಗ ಮರೆತ ಮಳೆಗೆ? ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ಕೇಳಿ ಬೆಳೆದವಳು ನಾನು. 2024ರ ಭರಣಿಯಲ್ಲಿ ಬೆಂಗಳೂರಿಗೆ ಬಂದದ್ದು 38.5 ಡಿಗ್ರಿ ಬಿಸಿಲು. ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಬೇರೆ. ಆಮೇಲೆ ರೋಹಿಣಿಯಲ್ಲಿ, ಜೂನ್ 2ರಂದು, ಒಂದೇ ದಿನ 111 ಮಿಲಿಮೀಟರ್ ಸುರಿಯಿತು. ಬಾಯಾರಿ ಒಣಗಿದ್ದ ಗಿಡದ ಪಕ್ಕದ್ದು ಬೇರು ಕೊಳೆತು ಹೋಯಿತು.

ಆ ಬೇಸಿಗೆ ಮಲ್ಲಿಗೆಯನ್ನು ಉಳಿಸಿದ್ದು ಅಕ್ಕಿ ತೊಳೆದ ನೀರು. "ಪಾಲಿಶ್ ಅಕ್ಕಿ ಅತ್ತೆ, ಇದರ ನೀರಲ್ಲಿ ಏನಿರುತ್ತೆ?" ಎಂದಳು ಸೊಸೆ. "ನೀರಿರುತ್ತಲ್ಲ, ಸಾಕು ಬಿಡು" ಎಂದೆ.

ಮಲ್ಲಿಗೆಯನ್ನು ಮಾಗಿಯಲ್ಲಿ ಸವರುವುದೆಂದರೆ ನನಗೆ ಹಬ್ಬ. ಎಲೆಯೆಲ್ಲ ಬಿಡಿಸಿ, ಒಣಕಲು ಕಡ್ಡಿ ತೆಗೆದು, ಉಳಿದದ್ದನ್ನು ಮೊಳದುದ್ದಕ್ಕೆ ಕತ್ತರಿಸಿದರೆ ಗಿಡ ನೋಡಲು ಪೊರಕೆ. ಬಂದವರು "ಅಯ್ಯೋ, ಸತ್ತೇಹೋಯಿತಾ?" ಎನ್ನುತ್ತಾರೆ. ನಾನು ದಿನಾ ಬೆಳಗ್ಗೆ ಕಡ್ಡಿ ಸವರಿ ನೋಡುತ್ತೇನೆ. ಗೆಣ್ಣಿನ ಎರಡೂ ಬದಿಗೆ, ಎದುರುಬದುರಾಗಿ, ಸಾಸಿವೆಯಷ್ಟು ಚಿಗುರು ಏಳುತ್ತದೆ. ಕನ್ನಡಕದ ಕಣ್ಣಿಗೆ ಕಾಣುವ ಮುಂಚೆಯೇ ಅದು ಬೆರಳಿಗೆ ತಾಗುತ್ತದೆ. ಆ ತಾಗುವಿಕೆಗಾಗಿ ನಾನು ಇನ್ನೆಷ್ಟು ಮಾಗಿಯನ್ನಾದರೂ ಕಾಯಬಲ್ಲೆ.

ಗುಲಾಬಿಯನ್ನು ಮಾತ್ರ ಬಿಟ್ಟೆ. ಬಿಸಿಲಿಗೊಂದು ಮುನಿಸು, ಮೋಡಕ್ಕೊಂದು ರೋಗ. ಓಲೈಸಲು ನನಗೆ ಪುರುಸೊತ್ತಿಲ್ಲ. ಆ ಜಾಗದಲ್ಲೀಗ ದೊಡ್ಡಪತ್ರೆ, ಬಸಳೆ. ಒಂದು ದಿನ ನೀರು ತಪ್ಪಿದರೂ ದೊಡ್ಡಪತ್ರೆಗೆ ಲೆಕ್ಕಕ್ಕಿಲ್ಲ. ಬಸಳೆಗೆ ಬಿಸಿಲೆಂದರೆ ಇಷ್ಟ, ಬುಡ ತಂಪಾಗಿದ್ದರಾಯಿತು. ಅದಕ್ಕೆ ತರಗೆಲೆ ಹೊದಿಸುತ್ತೇನೆ. ಚಪ್ಪರಕ್ಕೆ ಹಬ್ಬಿಸಿದರೆ ನಿಂತೇ ಕೊಯ್ಯಬಹುದು, ಬಗ್ಗುವ ಮಾತೇ ಇಲ್ಲ. ಈ ವಯಸ್ಸಿಗೆ, ಈ ಹವೆಗೆ ಇದಕ್ಕಿಂತ ಒಳ್ಳೆಯ ಬಳ್ಳಿ ನನಗೆ ಗೊತ್ತಿಲ್ಲ.

ನಾಟಿಗೆ ಬಸಳೆ ಕಡ್ಡಿ ಬೇಕಾದವರು ಮಳೆ ಹಿಡಿಯುವ ಮುಂಚೆ ಬನ್ನಿ. ಮೂರು ಗೆಣ್ಣಾದರೂ ಇರುವ ಬಲಿತ ಕಡ್ಡಿಯನ್ನೇ ಕೇಳಿ. ಎಳೆಯದು ಕೊಡುವುದಿಲ್ಲ, ನಮ್ಮ ಮನೆಯ ಹುಳಿಗೆ ಬೇಕು.